ಒರೆಸುಪಟ್ಟಿಯ ಕಾಯಕ

ಐನೂರು ರೂಪಾಯಿಯ ಹೊಸ ನೋಟೊಂದನ್ನು ಅಂಗೈಯ ಮೇಲೆ ಹರಡಿ, ಕಣ್ಣು ಮುಚ್ಚಿ, ಬೆರಳ ತುದಿಯಿಂದ ಮೆಲ್ಲನೆ ಸವರಿದರೆ ಕಾಗದದ ಮೈಮೇಲೆ ಸಣ್ಣ ಸಣ್ಣ ಉಬ್ಬುಗಳು ತಾಗುತ್ತವೆ. ಎಡ ಬಲ ಅಂಚುಗಳಲ್ಲಿ ಓರೆಯಾದ ಐದೈದು ಗೆರೆಗಳು, ಬಲಭಾಗದಲ್ಲಿ ಒಂದು ಪುಟ್ಟ ವೃತ್ತ, ನಡುವೆ ಮಹಾತ್ಮಾ ಗಾಂಧಿಯವರ ಭಾವಚಿತ್ರ, ಪಕ್ಕದಲ್ಲಿ ಅಶೋಕ ಸ್ತಂಭದ ಲಾಂಛನ: ಇವೆಲ್ಲವೂ ಕಾಗದದ ಮಟ್ಟಕ್ಕಿಂತ ಕೂದಲೆಳೆಯಷ್ಟು ಮೇಲೆದ್ದು ನಿಂತಿರುತ್ತವೆ. ನೂರು ರೂಪಾಯಿಯ ನೋಟಿನಲ್ಲಿ ವೃತ್ತದ ಬದಲು ತ್ರಿಕೋನವಿದೆ, ಓರೆಗೆರೆಗಳು ನಾಲ್ಕು. ಇನ್ನೂರು ರೂಪಾಯಿಯ ನೋಟಿನಲ್ಲಿ ನಾಲ್ಕು ಗೆರೆಗಳ ನಡುವೆ ಎರಡು ಚುಕ್ಕೆಯಂತಹ ವೃತ್ತಗಳಿವೆ. ಕಣ್ಣುಳ್ಳವರು ಈ ಉಬ್ಬುಗಳನ್ನು ಗಮನಿಸುವುದು ಅಪರೂಪ. ದೃಷ್ಟಿಯಿಲ್ಲದವರಿಗಾದರೋ ಇವೇ ನೋಟಿನ ಅಕ್ಷರಗಳು. ಸಂತೆಯಲ್ಲಿ, ಬಸ್ಸಿನಲ್ಲಿ, ಔಷಧಿಯಂಗಡಿಯಲ್ಲಿ ಇನ್ನೊಬ್ಬರ ಮಾತನ್ನು ನಂಬಿಯೇ ತೀರಬೇಕಾದ ಅಸಹಾಯಕತೆಯಿಂದ ಈ ಕೂದಲೆಳೆಯ ಉಬ್ಬು ಅವರನ್ನು ಪಾರುಮಾಡುತ್ತದೆ. ಖೋಟಾನೋಟನ್ನು ಗುರುತಿಸಲು ಬ್ಯಾಂಕಿನ ಗುಮಾಸ್ತನಿಗೂ ಇದೇ ಉಬ್ಬು ನೆರವಾಗುತ್ತದೆ.

ಈ ಉಬ್ಬು ಮೂಡುವುದು ಹೇಗೆಂಬುದನ್ನು ತಿಳಿಯಬೇಕಾದರೆ ಮುದ್ರಣದ ಮೂರು ಮುಖ್ಯ ವಿಧಾನಗಳನ್ನು ಅರಿಯಬೇಕು. ಮೊದಲನೆಯದು ಉಬ್ಬಿನ ಮುದ್ರಣ. ಅಕ್ಷರದ ಆಕಾರ ಅಚ್ಚಿನ ಮೇಲೆ ಎದ್ದು ನಿಂತಿರುತ್ತದೆ. ಎದ್ದು ನಿಂತ ಭಾಗಕ್ಕೆ ಮಸಿ ಹತ್ತಿ ಅದು ಕಾಗದಕ್ಕೆ ಇಳಿಯುತ್ತದೆ. ಅಂಚೆ ಕಚೇರಿಯ ಮೊಹರು ಇದಕ್ಕೆ ಸರಳವಾದ ಉದಾಹರಣೆ. ಹದಿನೈದನೆಯ ಶತಮಾನದ ನಡುವೆ ಜರ್ಮನಿಯ ಮೈಂಟ್ಸ್ ನಗರದಲ್ಲಿ ಗುಟೆನ್‌ಬರ್ಗ್ ಬಳಸಿದ ಅಚ್ಚಿನ ಮೊಳೆಗಳದೂ ಇದೇ ಕ್ರಮ. ಎರಡನೆಯದು ಸಮತಲದ ಮುದ್ರಣ. ಎಣ್ಣೆಗೂ ನೀರಿಗೂ ಹೊಂದಿಕೆಯಿಲ್ಲವೆಂಬ ಗುಣವನ್ನು ಆಧರಿಸಿ ಸೆನೆಫೆಲ್ಡರ್ ಎಂಬಾತ ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಕಂಡುಹಿಡಿದ ಕಲ್ಲಚ್ಚು ಇದರ ಮೂಲ. 1843ರಲ್ಲಿ ಹೊರಟ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ ಕಲ್ಲಚ್ಚಿನಲ್ಲಿಯೇ ಮುದ್ರಿತವಾಯಿತು. ಇಂದಿನ ಆಫ್‌ಸೆಟ್ ಮುದ್ರಣ ಅದರ ಸಂತತಿ. ಮೂರನೆಯದು ತಗ್ಗಿನ ಮುದ್ರಣ. ಇದನ್ನು ಇಟಲಿಯ ಭಾಷೆಯ ಮಾತಿನಿಂದ ಇಂಟಾಗ್ಲಿಯೊ ಎಂದು ಕರೆಯುತ್ತಾರೆ. ಕೊರೆದದ್ದು ಎಂದು ಅದರ ಅರ್ಥ. ಇಲ್ಲಿ ಚಿತ್ರವನ್ನು ಲೋಹದ ತಗಡಿನಲ್ಲಿ ತಗ್ಗಾಗಿ ಕೊರೆದಿರುತ್ತಾರೆ. ಮಸಿ ಆ ತಗ್ಗುಗಳೊಳಗೆ ತುಂಬಿಕೊಳ್ಳುತ್ತದೆ. ಬಲವಾದ ಒತ್ತಡದಲ್ಲಿ ಕಾಗದವು ತಗ್ಗಿನೊಳಕ್ಕೆ ಇಳಿದು ಮಸಿಯನ್ನು ಎತ್ತಿಕೊಂಡು ಬರುತ್ತದೆ. ಆದುದರಿಂದಲೇ ಗೆರೆ ಉಬ್ಬಾಗಿ ಮೂಡುತ್ತದೆ.

ಈ ಮೂರನೆಯ ವಿಧಾನದಲ್ಲಿ ಒಂದು ತೊಡಕಿದೆ. ಕೊರೆದ ತಗ್ಗುಗಳಿಗೆ ಮಾತ್ರ ಮಸಿ ತುಂಬುವುದು ಸಾಧ್ಯವಿಲ್ಲ. ಇಡೀ ತಗಡಿಗೆ ಮಸಿ ಬಳಿಯಬೇಕು. ಬಳಿಕ ಮೇಲ್ಮೈಯ ಮಸಿಯನ್ನೆಲ್ಲ ಒರೆಸಿ ತೆಗೆಯಬೇಕು. ಒರೆಸುವಾಗ ತಗ್ಗಿನೊಳಗಿನ ಮಸಿ ಹೊರಬರಬಾರದು, ಮೇಲ್ಮೈಯಲ್ಲಿ ಮಸಿಯ ಪೊರೆಯೂ ಉಳಿಯಬಾರದು. ಆದುದರಿಂದ ಈ ಕಲೆಯಲ್ಲಿ ಬಳಿಯುವುದು ಸುಲಭ, ಒರೆಸುವುದು ಕಠಿಣ. ಡ್ಯೂರರ್, ರೆಂಬ್ರಾಂಟ್ ಮೊದಲಾದ ಮಹಾ ಕಲಾವಿದರ ತಾಮ್ರದ ತಗಡುಗಳಿಂದ ಚಿತ್ರಗಳನ್ನು ತೆಗೆಯುತ್ತಿದ್ದ ಕಾಲದಲ್ಲಿ ಈ ಕೆಲಸ ಕೈಯಿಂದಲೇ ನಡೆಯುತ್ತಿತ್ತು. ಮುದ್ರಕನು ಮೊದಲು ಬಟ್ಟೆಯ ಉಂಡೆಯಿಂದ ತಗಡನ್ನು ಒರೆಸುತ್ತಿದ್ದನು. ಕೊನೆಯ ತೆಳುಪೊರೆಯನ್ನು ತೆಗೆಯಲು ಬಟ್ಟೆಯನ್ನು ನಂಬದೆ ತನ್ನ ಅಂಗೈಯನ್ನೇ ತಗಡಿನ ಮೇಲೆ ಆಡಿಸುತ್ತಿದ್ದನು. ಇಂದಿಗೂ ಕಲಾಶಾಲೆಗಳಲ್ಲಿ ತಾಮ್ರದ ತಗಡಿನಿಂದ ಚಿತ್ರ ತೆಗೆಯುವವರು ಈ ಕ್ರಮವನ್ನು ಬಿಟ್ಟಿಲ್ಲ. ಪ್ರತಿಯೊಂದು ಪ್ರತಿಗೂ ತಗಡನ್ನು ಹೊಸದಾಗಿ ಬಳಿದು, ಹೊಸದಾಗಿ ಒರೆಸಬೇಕು. ಒಂದು ದಿನಕ್ಕೆ ಕೆಲವೇ ಪ್ರತಿಗಳು ದೊರೆಯುತ್ತವೆ.

ಒರೆಸುವ ಕೆಲಸಕ್ಕೆ ಅಂಗೈಯ ಬದಲು ಯಂತ್ರದ ಅಂಗವೊಂದನ್ನು ನೇಮಿಸಿದ ಕಥೆ ಬಟ್ಟೆಯ ಉದ್ಯಮದಲ್ಲಿ ಕಾಣಸಿಗುತ್ತದೆ. ಕೇರಳದ ಕೋಳಿಕ್ಕೋಡಿನ ಹೆಸರಿನಿಂದಲೇ ಯುರೋಪಿನಲ್ಲಿ ‘ಕ್ಯಾಲಿಕೊ’ ಎಂದು ಖ್ಯಾತವಾದ ಹತ್ತಿಬಟ್ಟೆಯ ಮೇಲೆ ಬಣ್ಣದ ಚಿತ್ತಾರ ಮೂಡಿಸಲು ಮರದ ಅಚ್ಚುಗಳನ್ನು ಬಳಸುತ್ತಿದ್ದರು. 1783ರಲ್ಲಿ ಸ್ಕಾಟ್ಲೆಂಡಿನ ಥಾಮಸ್ ಬೆಲ್ ಎಂಬಾತನು ಚಿತ್ತಾರವನ್ನು ತಾಮ್ರದ ಉರುಳೆಯ ಮೇಲೆ ಕೊರೆಯಿಸಿ, ಬಟ್ಟೆಯನ್ನು ನಿರಂತರವಾಗಿ ಮುದ್ರಿಸುವ ಯಂತ್ರಕ್ಕೆ ಹಕ್ಕುಪತ್ರ ಪಡೆದನು. ಉರುಳೆಯ ಮೈಗೆ ಹತ್ತಿದ ಹೆಚ್ಚಿನ ಬಣ್ಣವನ್ನು ಕೆರೆದುಹಾಕಲು ಉಕ್ಕಿನ ಒಂದು ಪಟ್ಟಿಯನ್ನು ಉರುಳೆಯ ಉದ್ದಕ್ಕೂ ಒತ್ತಿ ನಿಲ್ಲಿಸುವ ಪದ್ಧತಿ ಇಂತಹ ಯಂತ್ರಗಳಲ್ಲಿ ನೆಲೆಗೊಂಡಿತು. ಕೆಲಸಗಾರರು ಆ ಪಟ್ಟಿಗೆ ‘ಡಾಕ್ಟರ್’ ಎಂದು ಹೆಸರಿಟ್ಟರು. ಇಂದಿಗೂ ಮುದ್ರಣದ ಕಾರ್ಖಾನೆಗಳಲ್ಲಿ ‘ಡಾಕ್ಟರ್ ಬ್ಲೇಡು’ ಎಂಬ ಮಾತು ಬಳಕೆಯಲ್ಲಿದೆ.

ನೋಟು ಮುದ್ರಿಸುವ ಯಂತ್ರದಲ್ಲಿ ಈ ಕೆಲಸ ಇನ್ನೂ ಸೂಕ್ಷ್ಮವಾದುದು. ನೋಟಿನ ಚಿತ್ರದ ತಗ್ಗುಗಳು ಅತ್ಯಂತ ನವುರಾದವು. ಬಳಸುವ ಮಸಿ ಅಂಟಂಟಾದ ದಪ್ಪ ಮಸಿ. ಉಕ್ಕಿನ ಪಟ್ಟಿಯನ್ನು ನೇರವಾಗಿ ತಗಡಿನ ಮೇಲೆ ಒತ್ತಿದರೆ ಇಂತಹ ಮಸಿ ಚೊಕ್ಕಟವಾಗಿ ಹೋಗುವುದಿಲ್ಲ. ಆದುದರಿಂದ ತಗಡುಗಳನ್ನು ಹೊತ್ತ ದೊಡ್ಡ ಉರುಳೆಯ ಪಕ್ಕದಲ್ಲಿ ಮತ್ತೊಂದು ಉರುಳೆಯನ್ನು ನಿಲ್ಲಿಸಿದ್ದಾರೆ. ಇದು ಒರೆಸುವ ಉರುಳೆ. ಇದರ ಮೈಗೆ ಮೆದುವಾದ ಪ್ಲಾಸ್ಟಿಕ್ಕಿನ ಹೊದಿಕೆಯಿರುತ್ತದೆ. ಎರಡು ಉರುಳೆಗಳು ಒಂದನ್ನೊಂದು ಮುಟ್ಟುವ ಸ್ಥಳದಲ್ಲಿ ಅವುಗಳ ಮೈಗಳು ಎದುರುಬದುರಾಗಿ ಚಲಿಸುತ್ತವೆ. ಹೀಗೆ ಚಲಿಸುವಾಗ ಒರೆಸುವ ಉರುಳೆಯು ತಗಡಿನ ಮೇಲ್ಮೈಯ ಮಸಿಯನ್ನು ತನ್ನ ಮೈಗೆ ಹಚ್ಚಿಕೊಂಡು, ತಗ್ಗಿನ ಮಸಿಯನ್ನು ಅಲ್ಲಿಯೇ ಬಿಡುತ್ತದೆ. ಹಿಂದಿನ ಮುದ್ರಕನ ಅಂಗೈ ಮಾಡುತ್ತಿದ್ದ ಕೆಲಸವೇ ಇದು.

ಇಲ್ಲಿ ಒಂದು ಪ್ರಶ್ನೆ ಏಳುವುದು ಸಹಜ. ತಗಡನ್ನು ಒರೆಸಿದ ಉರುಳೆಯೇ ಮಸಿಯಿಂದ ಮಲಿನವಾಯಿತಲ್ಲವೇ? ಹಾಗೆಯೇ ಮತ್ತೊಂದು ಸುತ್ತು ತಿರುಗಿ ಬಂದರೆ ಅದು ಒರೆಸುವ ಬದಲು ಬಳಿಯುವುದಿಲ್ಲವೇ? ಕೊಳೆಯಾದ ಬಟ್ಟೆಯಿಂದ ಪಾತ್ರೆ ಬೆಳಗುವುದುಂಟೇ? ಒರೆಸುವವನನ್ನು ಒರೆಸುವವರು ಯಾರು?

ಈ ಪ್ರಶ್ನೆಗೆ ಉತ್ತರವಾಗಿ ಒರೆಸುವ ಉರುಳೆಯ ಕೆಳಭಾಗವನ್ನು ಒಂದು ತೊಟ್ಟಿಯಲ್ಲಿ ಮುಳುಗಿಸಿರುತ್ತಾರೆ. ತೊಟ್ಟಿಯಲ್ಲಿ ನೀರು, ಸ್ವಲ್ಪ ಕಾಸ್ಟಿಕ್ ಸೋಡಾ ಹಾಗೂ ಸಂಸ್ಕರಿಸಿದ ಹರಳೆಣ್ಣೆ ಬೆರೆತ ದ್ರಾವಣವಿರುತ್ತದೆ. ಉರುಳೆಯು ತಿರುಗುತ್ತ ಇದರಲ್ಲಿ ಮಿಂದಾಗ ಮಸಿ ಸಡಿಲವಾಗುತ್ತದೆ. ತೊಟ್ಟಿಯೊಳಗಿನ ಕುಂಚಗಳು ಅದನ್ನು ಉಜ್ಜಿ ಬಿಡಿಸುತ್ತವೆ. ಆದರೆ ಮಿಂದೆದ್ದ ಉರುಳೆಯ ಮೈಯಿಂದ ಮಸಿ ಬೆರೆತ ನೀರು ಇನ್ನೂ ತೊಟ್ಟಿಕ್ಕುತ್ತಿರುತ್ತದೆ. ಆ ನೀರು ತಗಡಿಗೆ ತಾಗಿದರೆ ಮುದ್ರಣ ಕೆಡುತ್ತದೆ. ಆದುದರಿಂದ ಉರುಳೆಯು ತೊಟ್ಟಿಯಿಂದ ಹೊರಬರುವ ಸ್ಥಳದಲ್ಲಿ ಅದರ ಉದ್ದಕ್ಕೂ ಒಂದು ತೆಳುವಾದ ಪಟ್ಟಿಯನ್ನು ಬಿಗಿದಿರುತ್ತಾರೆ. ಮಳೆಗಾಲದಲ್ಲಿ ಮೋಟಾರಿನ ಮುಂಗಾಜಿನ ನೀರನ್ನು ತಳ್ಳುವ ವೈಪರಿನಂತೆ ಈ ಪಟ್ಟಿಯ ಅಂಚು ಉಳಿದ ನೀರನ್ನೂ ಮಸಿಯನ್ನೂ ತೊಟ್ಟಿಗೆ ಹಿಂದಿರುಗಿಸುತ್ತದೆ. ಮೋಟಾರಿನಲ್ಲಿ ಗಾಜು ನಿಂತು ಪಟ್ಟಿ ಆಡುತ್ತದೆ; ಇಲ್ಲಿ ಪಟ್ಟಿ ನಿಂತು ಉರುಳೆ ಆಡುತ್ತದೆ. ವ್ಯತ್ಯಾಸ ಅಷ್ಟೇ. ಗಂಟೆಗೆ ಸಾವಿರಾರು ಹಾಳೆಗಳು ಮುದ್ರಣವಾಗುವ ವೇಗದಲ್ಲಿ, ಪ್ರತಿಯೊಂದು ಸುತ್ತಿನಲ್ಲಿಯೂ ಶುಚಿಯಾದ, ಒಣಗಿದ ಮೈಯನ್ನು ತಗಡಿಗೆ ಒಪ್ಪಿಸುವ ಹೊಣೆ ಈ ಪಟ್ಟಿಯದು.

ಹೀಗೆ ಎಡೆಬಿಡದೆ ಉಜ್ಜುವುದರಿಂದ ಪಟ್ಟಿಯ ಅಂಚು ಸವೆಯುತ್ತದೆ. ಇದು ಪಟ್ಟಿಯ ದೋಷವಲ್ಲ, ಅದರ ಧರ್ಮ. ಎರಡು ವಸ್ತುಗಳು ಉಜ್ಜುವಲ್ಲಿ ಸವೆತ ತಪ್ಪದು. ಯಾವುದು ಸವೆಯಬೇಕೆಂಬುದನ್ನು ನಿರ್ಧರಿಸುವುದಷ್ಟೇ ಮನುಷ್ಯನ ಕೈಯಲ್ಲಿದೆ. ಪಟ್ಟಿಯೇ ಗಡುಸಾಗಿದ್ದರೆ ಬೆಲೆಬಾಳುವ ಉರುಳೆಯ ಹೊದಿಕೆ ಗೀರಿ ಹಾಳಾಗುತ್ತಿತ್ತು. ಆದುದರಿಂದ ಸವೆತವನ್ನು ಅಗ್ಗದ ಭಾಗಕ್ಕೆ ವಹಿಸಿ, ಆ ಭಾಗವನ್ನು ಸುಲಭವಾಗಿ ಬಿಚ್ಚಿ ಬದಲಿಸುವಂತೆ ಮಾಡಿದ್ದಾರೆ. ಪಟ್ಟಿಯನ್ನು ಹಿಡಿಯುವ ಲೋಹದ ಹಿಡಿಕೆ ಶಾಶ್ವತ; ಅದರೊಳಗಿನ ಪಟ್ಟಿ ತಾತ್ಕಾಲಿಕ. ತಿರುಪುಗಳನ್ನು ಸಡಿಲಿಸಿ ಸವೆದ ಪಟ್ಟಿಯನ್ನು ತೆಗೆದು ಹೊಸದನ್ನು ಕೂರಿಸಿದರೆ ಯಂತ್ರ ಮತ್ತೆ ಸಿದ್ಧ. ಈ ವಿವೇಕ ನಮ್ಮ ರೈತನಿಗೂ ಹೊಸದಲ್ಲ. ನೇಗಿಲಿನ ಮರ ಸವೆಯದಿರಲೆಂದು ಅದರ ತುದಿಗೆ ಕಬ್ಬಿಣದ ಕುಳ, ಎತ್ತಿನ ಗೊರಸು ಸವೆಯದಿರಲೆಂದು ಲಾಳ, ಗಾಡಿಯ ಗಾಲಿ ಸವೆಯದಿರಲೆಂದು ಕಬ್ಬಿಣದ ಪಟ್ಟೆ: ಇವೆಲ್ಲ ಸವೆಯುವುದಕ್ಕಾಗಿಯೇ ಹುಟ್ಟಿದ ವಸ್ತುಗಳು. ಲಾಳ ಸವೆದ ಮೇಲೂ ಎತ್ತನ್ನು ಹೂಡುವವನನ್ನು ಊರು ಮೆಚ್ಚುವುದಿಲ್ಲ.

ಮುದ್ರಣಾಲಯದಲ್ಲಿಯೂ ಇದೇ ಮಾತು ಸಲ್ಲುತ್ತದೆ. ಪಟ್ಟಿಯ ಅಂಚಿನಲ್ಲಿ ಒಂದು ಚಿಕ್ಕ ಹಲ್ಲು ಬಿದ್ದರೂ ಸಾಕು, ಆ ಸಂದಿನಿಂದ ಮಸಿನೀರಿನ ಒಂದೆಳೆ ನುಸುಳುತ್ತದೆ. ಅದು ಉರುಳೆಯಿಂದ ತಗಡಿಗೆ, ತಗಡಿನಿಂದ ಹಾಳೆಗೆ ಇಳಿದು ಗೆರೆಯಾಗಿ ಕಾಣುತ್ತದೆ. ಒಂದು ಹಾಳೆಯಲ್ಲಿ ಹಲವು ನೋಟುಗಳಿರುತ್ತವೆ. ದೋಷವನ್ನು ಗಮನಿಸಿ ಯಂತ್ರವನ್ನು ನಿಲ್ಲಿಸುವುದರೊಳಗೆ ಅನೇಕ ಹಾಳೆಗಳು ವ್ಯರ್ಥವಾಗುತ್ತವೆ. ಅಂಚು ಮೊಂಡಾದ ಪಟ್ಟಿಯನ್ನು ಬದಲಿಸಲು ಬೇಸರಪಟ್ಟು ಅದನ್ನೇ ಮತ್ತಷ್ಟು ಬಲವಾಗಿ ಒತ್ತಿ ನಿಲ್ಲಿಸಿದರೆ ಉರುಳೆಯ ಹೊದಿಕೆಗೆ ಪೆಟ್ಟು. ಉರುಳೆಯು ಶುಚಿಯಾಗಿಲ್ಲವೆಂದು ಅದನ್ನೇ ತಗಡಿನ ಮೇಲೆ ಹೆಚ್ಚು ಒತ್ತಿದರೆ ತಗ್ಗುಗಳೊಳಗಿನ ಮಸಿಯೂ ಎಳೆದುಬರುತ್ತದೆ, ಉಬ್ಬು ಸೊರಗುತ್ತದೆ. ನೋಟು ಕೈಯಿಂದ ಕೈಗೆ ಸಾಗುತ್ತ ಹಳತಾದಂತೆ ಉಬ್ಬು ಹೇಗೂ ತಗ್ಗುತ್ತದೆ. ಹುಟ್ಟುವಾಗಲೇ ಸೊರಗಿದ ಉಬ್ಬು ಬೆರಳಿಗೆ ಎಷ್ಟು ಕಾಲ ಉತ್ತರ ಕೊಟ್ಟೀತು? ನೋಟುಗಳನ್ನು ಗುರುತಿಸಲು ದೃಷ್ಟಿಹೀನರಿಗೆ ನೆರವಾಗಲೆಂದು ಭಾರತೀಯ ರಿಸರ್ವ್ ಬ್ಯಾಂಕು 2020ರ ಜನವರಿಯಲ್ಲಿ ‘ಮಣಿ’ ಎಂಬ ಮೊಬೈಲ್ ಸಾಧನವನ್ನು ಬಿಡುಗಡೆ ಮಾಡಿತು. ಆದರೂ ಎಲ್ಲ ಹೊತ್ತಿನಲ್ಲಿಯೂ ಜೊತೆಗಿರುವ ಸಾಧನ ಮನುಷ್ಯನ ಬೆರಳೇ.

ಜಾಣ ಕೆಲಸಗಾರನು ಪಟ್ಟಿ ಹಾಳಾಗುವವರೆಗೆ ಕಾಯುವುದಿಲ್ಲ. ಪಟ್ಟಿಯ ಮೇಲೆ ಒಣಮಸಿ ಕಟ್ಟದಂತೆ ಆಗಾಗ ತೊಳೆಯುತ್ತಾನೆ. ಅಂಚನ್ನು ಬೆಳಕಿಗೆ ಹಿಡಿದು ಪರೀಕ್ಷಿಸುತ್ತಾನೆ. ಹೊಸ ಪಟ್ಟಿಯನ್ನು ಕೂರಿಸುವಾಗ ಅದು ಅಲೆಅಲೆಯಾಗದಂತೆ ತಿರುಪುಗಳನ್ನು ನಡುವಿನಿಂದ ಆರಂಭಿಸಿ ಎರಡು ತುದಿಗಳ ಕಡೆಗೆ ಸಮನಾಗಿ ಬಿಗಿಯುತ್ತಾನೆ. ಎಲ್ಲಕ್ಕಿಂತ ಮೊದಲು ಯಂತ್ರವನ್ನು ಪೂರ್ಣವಾಗಿ ನಿಲ್ಲಿಸಿ, ವಿದ್ಯುತ್ತಿನ ಸಂಪರ್ಕ ಕಡಿದ ಮೇಲೆಯೇ ಕೈಹಾಕುತ್ತಾನೆ. ತಿರುಗುವ ಎರಡು ಉರುಳೆಗಳ ನಡುವೆ ಚಿಂದಿಯ ತುದಿ ಸಿಕ್ಕಿದರೆ ಅದನ್ನು ಹಿಡಿದ ಕೈಯೂ ಒಳಕ್ಕೆ ಹೋಗುತ್ತದೆ.

ಮಸಿ ತೊಳೆಯುವ ಕೆಲಸವನ್ನು ಹಗುರವಾಗಿ ಎಣಿಸಬಾರದೆಂಬುದಕ್ಕೆ ಜಪಾನಿನ ಒಸಾಕಾದಲ್ಲಿ ನಡೆದ ಘಟನೆಯೊಂದು ಸಾಕ್ಷಿಯಾಗಿದೆ. ಅಲ್ಲಿಯ ಆಫ್‌ಸೆಟ್ ಮುದ್ರಣಾಲಯವೊಂದರಲ್ಲಿ ಕರಡುಪ್ರತಿ ತೆಗೆಯುವ ಕೆಲಸಗಾರರು ಯಂತ್ರದ ಮಸಿಯನ್ನು ಕೈಯಾರೆ, ದಿನಕ್ಕೆ ಅನೇಕ ಸಲ, ರಾಸಾಯನಿಕ ದ್ರವಗಳಿಂದ ಒರೆಸುತ್ತಿದ್ದರು. ಅವರಲ್ಲಿ ಹಲವರು ಎಳೆಯ ವಯಸ್ಸಿನಲ್ಲಿಯೇ ಪಿತ್ತನಾಳದ ಕ್ಯಾನ್ಸರಿಗೆ ತುತ್ತಾದ ಸಂಗತಿ 2012ರಲ್ಲಿ ಬೆಳಕಿಗೆ ಬಂತು. ಆ ದ್ರವಗಳಲ್ಲಿದ್ದ ಡೈಕ್ಲೋರೋಪ್ರೊಪೇನ್ ಎಂಬ ರಾಸಾಯನಿಕದ ಮೇಲೆ ಸಂಶಯ ಮೂಡಿತು. 2014ರಲ್ಲಿ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಅದನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿತು. ಮುಚ್ಚಿದ ತೊಟ್ಟಿ, ನೀರಿನ ದ್ರಾವಣ, ಪಟ್ಟಿ ಇವು ಮುದ್ರಣದ ಅಂದಕ್ಕೆ ಮಾತ್ರವಲ್ಲದೆ ಕೆಲಸಗಾರನ ಆಯುಸ್ಸಿಗೂ ಬೇಕೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಪಟ್ಟಿ ಕೆರೆದು ಇಳಿಸಿದ ಮಸಿನೀರನ್ನೂ ಹಾಗೆಯೇ ಚರಂಡಿಗೆ ಹರಿಸುವಂತಿಲ್ಲ. ಮಸಿಯನ್ನು ಬೇರ್ಪಡಿಸಿ ನೀರನ್ನು ಸಂಸ್ಕರಿಸಬೇಕು. ಭಾರತದಲ್ಲಿ ಅಪಾಯಕಾರಿ ತ್ಯಾಜ್ಯಗಳ ನಿರ್ವಹಣೆಗೆಂದು 2016ರಲ್ಲಿ ಹೊಸ ನಿಯಮಗಳು ಜಾರಿಗೆ ಬಂದವು.

ನೋಟಿನ ಮುದ್ರಣಕ್ಕೂ ಕರ್ನಾಟಕಕ್ಕೂ ನಿಕಟವಾದ ನಂಟಿದೆ. ಭಾರತದಲ್ಲಿ ನೋಟುಗಳ ಮುದ್ರಣ 1928ರಲ್ಲಿ ಮಹಾರಾಷ್ಟ್ರದ ನಾಸಿಕದಲ್ಲಿ ಆರಂಭವಾಯಿತು. ಮುಂದೆ ಮಧ್ಯಪ್ರದೇಶದ ದೇವಾಸದಲ್ಲಿ ಮತ್ತೊಂದು ಮುದ್ರಣಾಲಯ ತಲೆಯೆತ್ತಿತು. ಹೆಚ್ಚಿದ ಬೇಡಿಕೆಯನ್ನು ಪೂರೈಸಲು ರಿಸರ್ವ್ ಬ್ಯಾಂಕು 1995ರಲ್ಲಿ ಬೆಂಗಳೂರನ್ನು ಕೇಂದ್ರವಾಗಿಟ್ಟುಕೊಂಡು ‘ಭಾರತೀಯ ರಿಸರ್ವ್ ಬ್ಯಾಂಕ್ ನೋಟ್ ಮುದ್ರಣ’ ಎಂಬ ಸಂಸ್ಥೆಯನ್ನು ಸ್ಥಾಪಿಸಿತು. 1996ರಲ್ಲಿ ಆ ಸಂಸ್ಥೆಯ ಮೈಸೂರಿನ ಮುದ್ರಣಾಲಯವೂ ಪಶ್ಚಿಮ ಬಂಗಾಳದ ಸಾಲ್ಬೋನಿಯ ಮುದ್ರಣಾಲಯವೂ ಕೆಲಸ ಆರಂಭಿಸಿದವು. ನೋಟಿನ ಮಸಿಗಾಗಿ ‘ವರ್ಣಿಕಾ’ ಎಂಬ ಕಾರ್ಖಾನೆಯು 2022ರಲ್ಲಿ ಮೈಸೂರಿನಲ್ಲಿಯೇ ಉದ್ಘಾಟನೆಗೊಂಡಿತು. ವರ್ಷಕ್ಕೆ 1,500 ಟನ್ ಮಸಿ ತಯಾರಿಸುವ ಸಾಮರ್ಥ್ಯ ಅದಕ್ಕಿದೆ.

ಮಸಿಯನ್ನು ತಯಾರಿಸಿದವನ ಹೆಮ್ಮೆ ನೋಟಿನ ಬಣ್ಣದಲ್ಲಿದೆ. ತಗಡನ್ನು ಕೊರೆದವನ ಜಾಣ್ಮೆ ಗೆರೆಯಲ್ಲಿದೆ. ಒರೆಸುಪಟ್ಟಿಯ ಗುರುತು ನೋಟಿನಲ್ಲಿ ಎಲ್ಲಿಯೂ ಕಾಣದು. ಗುರುತು ಕಂಡರೆ ಅದು ತನ್ನ ಕೆಲಸದಲ್ಲಿ ಸೋತಿತೆಂದೇ ಅರ್ಥ. ಊರಿನ ಬೀದಿಯನ್ನು ಗುಡಿಸುವವರು, ಆಸ್ಪತ್ರೆಯ ನೆಲವನ್ನು ಒರೆಸುವವರು, ಕೆರೆಯ ತೂಬಿನ ಕಸವನ್ನು ತೆಗೆಯುವವರು ಮಾಡುವುದೂ ಇಂತಹ ಕೆಲಸವೇ. ಅದು ಚೆನ್ನಾಗಿ ನಡೆದಾಗ ಯಾರ ಕಣ್ಣಿಗೂ ಬೀಳುವುದಿಲ್ಲ. ನಿಂತ ದಿನ ಎಲ್ಲರಿಗೂ ಅದರ ಬೆಲೆ ತಿಳಿಯುತ್ತದೆ. ಸವೆದ ಪಟ್ಟಿಗೆ ಬದಲಿ ದೊರೆಯುತ್ತದೆ. ಸವೆದ ಮನುಷ್ಯನಿಗೆ ಬದಲಿಯಿಲ್ಲ. ಆದುದರಿಂದ ಸವೆಯಬೇಕಾದುದು ಪಟ್ಟಿಯೇ ಹೊರತು ಅದನ್ನು ಬದಲಿಸುವ ಕೈಯಲ್ಲ ಎಂಬುದನ್ನು ಯಂತ್ರವನ್ನು ರೂಪಿಸುವವರೂ ನಡೆಸುವವರೂ ಮರೆಯಬಾರದು.

ಅಭ್ಯಾಸ

1. ಮುದ್ರಣದ ಮೂರು ವಿಧಾನಗಳಿಗಿರುವ ವ್ಯತ್ಯಾಸವನ್ನು ವಿವರಿಸಿ.
2. “ಒರೆಸುವವನನ್ನು ಒರೆಸುವವರು ಯಾರು?” ಈ ಪ್ರಶ್ನೆಗೆ ಪಾಠದಲ್ಲಿ ದೊರೆಯುವ ಉತ್ತರವೇನು?
3. ಒರೆಸುಪಟ್ಟಿಯನ್ನು ಉರುಳೆಗಿಂತ ಬೇಗ ಸವೆಯುವಂತೆ ಮಾಡಿರುವುದೇಕೆ? ನಿತ್ಯಜೀವನದಿಂದ ಇಂತಹ ಎರಡು ಉದಾಹರಣೆಗಳನ್ನು ಕೊಡಿ.
4. ಒಸಾಕಾದ ಘಟನೆಯಿಂದ ತಿಳಿಯಬೇಕಾದ ಪಾಠವೇನು?
5. ನೂರು, ಇನ್ನೂರು, ಐನೂರು ರೂಪಾಯಿಗಳ ನೋಟುಗಳನ್ನು ಕಣ್ಣು ಮುಚ್ಚಿ ಸವರಿ, ತಿಳಿದುಬಂದ ವ್ಯತ್ಯಾಸಗಳನ್ನು ಬರೆಯಿರಿ.