ಮೀನುಮರಿ ಉತ್ಪಾದನಾ ಕೇಂದ್ರಗಳು: ಬದಲಾಗುತ್ತಿರುವ ಹೊಣೆ

ಸಂವಿಧಾನದ 11ನೇ ಅನುಸೂಚಿಯ 5ನೇ ವಿಷಯ ಮೀನುಗಾರಿಕೆ. ಆದರೂ ನಮ್ಮ ಸಾಮಾನ್ಯ ಸಭೆಗಳಲ್ಲಿ ಅದರ ಚರ್ಚೆ ಬಹುತೇಕ ಕೆರೆಯ ಹರಾಜು ಮೊತ್ತಕ್ಕೇ ಮುಗಿಯುತ್ತದೆ. ಕೆರೆಗೆ ಬಿಡುವ ಮರಿ ಯಾವ ಜಾತಿಯದು, ಎಲ್ಲಿಂದ ಬಂದದ್ದು ಎಂಬುದನ್ನೂ ಮಾನ್ಯ ಸದಸ್ಯರು ಪರಿಶೀಲಿಸುವುದು ಅವಶ್ಯ.

ಕಾಟ್ಲಾ, ರೋಹು, ಮೃಗಾಲ್ ಮೀನುಗಳು ಹರಿಯುವ ನೀರಿನಲ್ಲಿ ಮೊಟ್ಟೆಯಿಡುವಂಥವು. ನಿಂತ ಕೆರೆಯಲ್ಲಿ ಚೆನ್ನಾಗಿ ಬೆಳೆಯುತ್ತವೆ, ಆದರೆ ಸಾಮಾನ್ಯವಾಗಿ ಮರಿ ಮಾಡುವುದಿಲ್ಲ. ಹಿಂದೆ ಮುಂಗಾರಿನಲ್ಲಿ ನದಿಗಳಿಂದಲೇ ಮರಿ ಸಂಗ್ರಹಿಸಬೇಕಿತ್ತು. ಅವುಗಳಲ್ಲಿ ಬೇಡದ ಜಾತಿಗಳೂ ಬೆರೆತಿರುತ್ತಿದ್ದವು. 1957ರಲ್ಲಿ ಕಟಕ್‌ನಲ್ಲಿ ಹೀರಾಲಾಲ್ ಚೌಧುರಿ ಮತ್ತು ಕೆ.ಎಚ್. ಅಲಿಕುಂಞಿ ಅವರು ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚುಮದ್ದಾಗಿ ನೀಡಿ ಈ ಮೀನುಗಳು ಮೊಟ್ಟೆಯಿಡುವಂತೆ ಮಾಡಿದರು. ಜುಲೈ 10ನ್ನು ರಾಷ್ಟ್ರೀಯ ಮೀನು ಕೃಷಿಕರ ದಿನವಾಗಿ ಆಚರಿಸುವುದು ಇದರ ನೆನಪಿಗಾಗಿಯೇ. ಅಂದಿನಿಂದ ಕೇಂದ್ರಗಳ ಸಾಧನೆಯನ್ನು ಮರಿಗಳ ಸಂಖ್ಯೆಯಿಂದಲೇ ಅಳೆಯುವ ರೂಢಿ ಬೆಳೆಯಿತು.

ಕೆರೆಗೆ ಸರಿಹೊಂದಿದ ಈ ಅಳತೆ ನದಿಗೆ ಹೊಂದಲಿಲ್ಲ. ಕಾವೇರಿ ಕಣಿವೆಯ ಹೊರತು ಬೇರೆಲ್ಲೂ ಸಹಜವಾಗಿ ಕಾಣದ ಡುಬ್ಬದ ಮಹಶೀರ್ ಮೀನನ್ನೇ ನೋಡಿ. ಮಹಶೀರ್ ಸಂತತಿ ಹೆಚ್ಚಲೆಂಬ ಸದುದ್ದೇಶದಿಂದ 1970ರ ದಶಕದಿಂದೀಚೆಗೆ ಮಹಾರಾಷ್ಟ್ರದ ಲೋನಾವಳದಲ್ಲಿ ಬೆಳೆಸಿದ ನೀಲಿ ರೆಕ್ಕೆಯ ಮಹಶೀರ್ ಮರಿಗಳನ್ನು ಕಾವೇರಿಗೆ ಬಿಡಲಾಯಿತು. ಹೊರಗಿನಿಂದ ಬಂದದ್ದು ಹೆಚ್ಚಿತು, ನದಿಯದೇ ಆದದ್ದು ಕ್ಷೀಣಿಸಿತು. ಅಣೆಕಟ್ಟು, ಸಿಡಿಮದ್ದು, ಮರಳುಗಾರಿಕೆಗಳ ಪಾಲೂ ಇದರಲ್ಲಿದೆ. ಆದರೆ ‘ಮಹಶೀರ್ ಹೆಚ್ಚಿದೆ’ ಎಂಬ ಲೆಕ್ಕದ ಮರೆಯಲ್ಲಿ ಈ ನಷ್ಟ ಬಹುಕಾಲ ಕಾಣಲೇ ಇಲ್ಲ. 2018ರಲ್ಲಿ ಈ ಮೀನು ಅಳಿವಿನ ತೀವ್ರ ಅಪಾಯದಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಗೆ ಸೇರಿತು.

ಆದ್ದರಿಂದ ಈಗ ಕೇಂದ್ರಗಳಿಂದ ನಿರೀಕ್ಷಿಸುವುದು ಮರಿಗಳನ್ನು ಮಾತ್ರವಲ್ಲ, ತಳಿಯ ರಕ್ಷಣೆಯನ್ನೂ. ಒಂದು ತಾಯಿಮೀನು ಲಕ್ಷಾಂತರ ಮೊಟ್ಟೆಯಿಡುವುದರಿಂದ ಕೆಲವೇ ಜೋಡಿಗಳಿಂದ ವರ್ಷದ ಬೇಡಿಕೆ ಪೂರೈಸುವ ಆಸೆ ಸಹಜ. ಅದೇ ರಕ್ತಸಂಬಂಧದ ಮೀನುಗಳು ಮತ್ತೆ ಮತ್ತೆ ಕೂಡಿದರೆ ಮರಿಗಳ ಬೆಳವಣಿಗೆ ಕುಂಠಿತವಾಗುತ್ತದೆ, ರೋಗ ತಾಳುವ ಶಕ್ತಿ ಕುಗ್ಗುತ್ತದೆ.

ಕೆರೆ ನಮ್ಮದು, ನದಿಯ ಮಾತು ನಮಗೇಕೆ ಎನ್ನುವಂತಿಲ್ಲ. ಕೋಡಿ ಹರಿದಾಗ ಮರಿಗಳು ಹಳ್ಳ ಸೇರುತ್ತವೆ, ಹಳ್ಳ ನದಿ ಸೇರುತ್ತದೆ. ಆದಕಾರಣ ಕೆರೆ ಗುತ್ತಿಗೆಯ ಷರತ್ತುಗಳಲ್ಲಿ ಮರಿಯ ಜಾತಿ, ಗಾತ್ರ ಹಾಗೂ ಖರೀದಿಸಿದ ಕೇಂದ್ರದ ರಸೀದಿಯನ್ನು ಕಡ್ಡಾಯಗೊಳಿಸಬಹುದು. ನಿಷೇಧಿತ ಆಫ್ರಿಕನ್ ಕ್ಯಾಟ್‌ಫಿಶ್ ಬಿಟ್ಟಲ್ಲಿ ಗುತ್ತಿಗೆ ರದ್ದಾಗುವುದೆಂದು ನಮೂದಿಸಬೇಕು. ಮಳೆಗಾಲಕ್ಕೆ ಮೊದಲು ಕೋಡಿಗೆ ನೀರಿನ ಹರಿವು ತಡೆಯದಂಥ ಜಾಲರಿ ಅಳವಡಿಸುವ ಬಗ್ಗೆ ಮೀನುಗಾರಿಕೆ ಇಲಾಖೆ ಹಾಗೂ ಸಣ್ಣ ನೀರಾವರಿ ಎಂಜಿನಿಯರರ ಅಭಿಪ್ರಾಯ ಪಡೆದು, ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಸೇರಿಸಬಹುದು.