ರಾಣಿ ಎಮ್ಮಾ

ಒಂದು ಕಾಲದಲ್ಲಿ ರಾಜಮನೆತನಗಳ ವಿವಾಹಗಳು ಸಂಧಿಪತ್ರಗಳೇ ಆಗಿದ್ದುವು. ಕನ್ಯೆಯ ಇಚ್ಛೆಯನ್ನು ಕೇಳುವವರು ವಿರಳ. ಅಂತಹ ಒಂದು ಸಂಧಿಯ ಫಲವಾಗಿ 1002ರಲ್ಲಿ ಕಡಲನ್ನು ದಾಟಿ ಇಂಗ್ಲೆಂಡಿಗೆ ಬಂದವಳು ಎಮ್ಮಾ. ಆಕೆ ಫ್ರಾನ್ಸಿನ ಉತ್ತರ ತೀರದಲ್ಲಿರುವ ನಾರ್ಮಂಡಿಯ ಅರಸ ಮೊದಲನೆಯ ರಿಚರ್ಡನ ಮಗಳು. ಇಂಗ್ಲೆಂಡಿನ ಕರಾವಳಿಯನ್ನು ಸೂರೆಗೊಳ್ಳುತ್ತಿದ್ದ ಡೇನರ ಹಡಗುಗಳಿಗೆ ನಾರ್ಮಂಡಿಯ ಬಂದರುಗಳಲ್ಲಿ ಆಶ್ರಯ ದೊರೆಯುತ್ತಿತ್ತು. ಆ ಬಾಗಿಲನ್ನು ಮುಚ್ಚಿಸಲೆಂದೇ ಇಂಗ್ಲೆಂಡಿನ ದೊರೆ ಎಥೆಲ್‌ರೆಡ್ ಈ ಸಂಬಂಧವನ್ನು ಬೆಳೆಸಿದನು. ಹೊಸ ನಾಡಿನಲ್ಲಿ ಆಕೆಗೆ ಎಲ್ಫ್‌ಗಿಫು ಎಂಬ ಬೇರೆ ಹೆಸರನ್ನೇ ಇಟ್ಟರು.

ಎಡ್ವರ್ಡ್, ಆಲ್‌ಫ್ರೆಡ್ ಎಂಬ ಇಬ್ಬರು ಗಂಡುಮಕ್ಕಳೂ ಒಬ್ಬ ಮಗಳೂ ಜನಿಸಿದರು. ಆದರೆ ದಾಳಿ ನಿಲ್ಲಲಿಲ್ಲ. 1013ರಲ್ಲಿ ಡೆನ್ಮಾರ್ಕಿನ ದೊರೆ ಸ್ವೆಯ್ನ್ ಇಂಗ್ಲೆಂಡನ್ನು ಗೆದ್ದಾಗ ಎಮ್ಮಾ ತವರಿಗೆ ಮರಳಬೇಕಾಯಿತು. ಮರುವರ್ಷ ರಾಜ್ಯವು ಕೈಸೇರಿದರೂ 1016ರಲ್ಲಿ ಎಥೆಲ್‌ರೆಡ್ ತೀರಿಕೊಂಡನು. ಆ ವರ್ಷದ ಕೊನೆಯ ಹೊತ್ತಿಗೆ ಸ್ವೆಯ್ನನ ಮಗ ಕ್ನೂಟ್ ಇಡೀ ನಾಡಿಗೆ ಅರಸನಾದನು. 1017ರಲ್ಲಿ ಎಮ್ಮಾ ಮೊದಲ ಪತಿಯ ವೈರಿಯಾಗಿದ್ದ ಈ ಕ್ನೂಟನ ಕೈಹಿಡಿದಳು. ಆಕೆ ಮತ್ತೆ ರಾಣಿಯಾದಳು. ಆಕೆಯ ಹಿರಿಯ ಮಕ್ಕಳು ಮಾತ್ರ ನಾರ್ಮಂಡಿಯಲ್ಲಿ ತಾಯಿಯಿಂದ ದೂರ ಬೆಳೆದರು.

1035ರಲ್ಲಿ ಕ್ನೂಟ್ ಮಡಿದ ಮೇಲೆ ಸಿಂಹಾಸನಕ್ಕಾಗಿ ಕಲಹವೆದ್ದಿತು. ಮರುವರ್ಷ ಇಂಗ್ಲೆಂಡಿಗೆ ಬಂದ ಆಲ್‌ಫ್ರೆಡನನ್ನು ವೈರಿಗಳು ಸೆರೆಹಿಡಿದು ಕಣ್ಣು ಕೀಳಿಸಿದರು; ಆ ಗಾಯದಿಂದಲೇ ಅವನು ಸತ್ತನು. 1037ರಲ್ಲಿ ಗಡೀಪಾರಾದ ಎಮ್ಮಾ ಫ್ಲಾಂಡರ್ಸಿನ ಬ್ರೂಜ್ ನಗರವನ್ನು ಸೇರಿದಳು. 1040ರಲ್ಲಿ ಕ್ನೂಟನಿಂದ ಪಡೆದ ಮಗ ಹಾರ್ಥಕ್ನೂಟ್ ಅರಸನಾದಾಗ ಆಕೆ ಹಿಂದಿರುಗಿ, ಫ್ಲಾಂಡರ್ಸಿನ ಸನ್ಯಾಸಿಯೊಬ್ಬನಿಂದ ಲ್ಯಾಟಿನ್ ಭಾಷೆಯಲ್ಲಿ ಒಂದು ಗ್ರಂಥವನ್ನು ಬರೆಯಿಸಿದಳು. ಅದರಲ್ಲಿ ಎಥೆಲ್‌ರೆಡನ ಹೆಸರೇ ಇಲ್ಲ! ತಾನು ಹದಿನಾಲ್ಕು ವರ್ಷ ಬಾಳಿದ ಮೊದಲ ದಾಂಪತ್ಯವನ್ನು ಆಕೆ ತನ್ನ ಕಥೆಯಿಂದ ಅಳಿಸಿಬಿಟ್ಟಿದ್ದಳು.

ಆದರೆ ಆ ದಾಂಪತ್ಯದ ಮಗನನ್ನು ಅಳಿಸಲಾದೀತೆ? 1042ರಲ್ಲಿ ಎಡ್ವರ್ಡನೇ ಅರಸನಾದನು. ಮರುವರ್ಷ ವಿಂಚೆಸ್ಟರಿಗೆ ಬಂದು ತಾಯಿಯ ಭಂಡಾರವನ್ನು ಕಿತ್ತುಕೊಂಡನು. ಆಕೆ ತನಗೆ ಬೇಕಾದಷ್ಟು ನೆರವಾಗಲಿಲ್ಲವೆಂಬುದೇ ಅವನ ಕೊರಗಾಗಿತ್ತೆಂದು ಅಂದಿನ ಚರಿತ್ರೆಯು ಹೇಳುತ್ತದೆ. 1052ರಲ್ಲಿ ತೀರಿಕೊಂಡ ಎಮ್ಮಾಳನ್ನು ಕ್ನೂಟನ ಸಮಾಧಿಯ ಬಳಿಯಲ್ಲಿಯೇ ಹೂಳಿದರು.

1066ರಲ್ಲಿ ಆಕೆಯ ಸೋದರನ ಮೊಮ್ಮಗ ವಿಲಿಯಂ ಇಂಗ್ಲೆಂಡನ್ನು ಗೆದ್ದನು. ಅವನು ಸಿಂಹಾಸನಕ್ಕೆ ಹಕ್ಕು ಸಾಧಿಸಲು ಎಮ್ಮಾಳ ಮೂಲಕ ಬಂದ ನೆಂಟಸ್ತಿಕೆಯೂ ಆಧಾರವಾಯಿತು. ಒಂದು ವೈರಿಗೆ ಬಾಗಿಲು ಮುಚ್ಚಲೆಂದು ನಡೆದ ಮದುವೆ ಮತ್ತೊಬ್ಬ ವಿಜೇತನಿಗೆ ಬಾಗಿಲು ತೆರೆಯಿತು.

ಪ್ರಶ್ನೆಗಳು

1. ಎಮ್ಮಾಳ ಮೊದಲ ವಿವಾಹದ ಉದ್ದೇಶವೇನು? ಅದು ಈಡೇರಿತೆ?

2. ಎಮ್ಮಾ ತನ್ನ ಗ್ರಂಥದಲ್ಲಿ ಎಥೆಲ್‌ರೆಡನನ್ನು ಏಕೆ ಕೈಬಿಟ್ಟಿರಬಹುದು? ವಿವರಿಸಿ.