ಬಿಟ್ಟಿ ನೋಡಿಕೊಂಡರೆ ಎಷ್ಟು ಖರ್ಚು?

ಆಸ್ಟಿನ್‌ನಿಂದ ಬೆಂಗಳೂರಿಗೆ ಬೇಸಿಗೆ ರಜೆಗೆ ಹೊರಡುವವರ ಖರ್ಚಿನ ಪಟ್ಟಿ ಹೆಚ್ಚುಕಮ್ಮಿ ಎಲ್ಲರ ಮನೆಯಲ್ಲೂ ಒಂದೇ. ಟಿಕೆಟ್ಟು, ನೆಂಟರಿಷ್ಟರಿಗೆ ಉಡುಗೊರೆ, ಊರಲ್ಲಿ ಓಡಾಡಲು ಕಾರು, ವಾಪಸು ಬರುವಾಗ ಸಾಂಬಾರ್ ಪುಡಿಯ ದೆಸೆಯಿಂದ ಹೆಚ್ಚುವರಿ ಲಗೇಜು. ನಮ್ಮ ಪಟ್ಟಿಯಲ್ಲಿ ಮಾತ್ರ ಇನ್ನೊಂದು ಸಾಲು ಇರುತ್ತದೆ: ಗೋಸುಂಬೆ. ಮಗ ಹಟ ಹಿಡಿದು ತಂದದ್ದು. ಯೆಮನ್, ಸೌದಿ ಅರೇಬಿಯಾ ಮೂಲದ, ನೆತ್ತಿಯ ಮೇಲೆ ಏಣು ಎದ್ದುನಿಂತ ಈ ಜಾತಿಯನ್ನು ಇಲ್ಲಿನವರು ವೇಲ್ಡ್ ಕಮೀಲಿಯನ್ ಅನ್ನುತ್ತಾರೆ. ಅಂಗಡಿಯಲ್ಲಿ ಅದಕ್ಕೆ ಕೊಟ್ಟದ್ದು 80 ಡಾಲರ್. ಒಂದು ತಿಂಗಳು ಅದನ್ನು ಬಿಟ್ಟು ಹೋಗಲು ಆಗುವ ಖರ್ಚು ಅದರ ನಾಲ್ಕೈದು ಪಟ್ಟು.

ನಾಯಿಗಾದರೆ ಹಾಸ್ಟೆಲ್ಲಿದೆ, ಬೆಕ್ಕಿಗಾದರೆ ಪಕ್ಕದ ಮನೆಯವರಿದ್ದಾರೆ. ಗೋಸುಂಬೆಯ ತಕರಾರು ನೀರಿನದು. ಬಟ್ಟಲಲ್ಲಿ ನಿಂತ ನೀರಿನ ಕಡೆ ಅದು ಸಾಮಾನ್ಯವಾಗಿ ತಿರುಗಿಯೂ ನೋಡುವುದಿಲ್ಲ. ಎಲೆಯ ಮೇಲಿನ ಹನಿಯನ್ನೇ ನೆಕ್ಕಬೇಕು. ಹಾಗಾಗಿ ದಿನಕ್ಕೆ ಎರಡು ಮೂರು ಸಲ ಗೂಡಿನ ಗಿಡಗಳ ಮೇಲೆ ತುಂತುರು ಬೀಳಬೇಕು. ಮೈ ಕಾಯಿಸಿಕೊಳ್ಳುವ ಕೊಂಬೆಯ ಹತ್ತಿರ 30 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಶಾಖ, ಹಗಲಿಡೀ ಯುವಿಬಿ ದೀಪ, ರಾತ್ರಿ ಕತ್ತಲು ಮತ್ತು ತಂಪು. ಊಟವೇ ಸಲೀಸು: ಬೆಳೆದ ಗಂಡಿಗೆ ದಿನ ಬಿಟ್ಟು ದಿನ ಕ್ಯಾಲ್ಸಿಯಂ ಪುಡಿ ಸವರಿದ ನಾಲ್ಕೈದು ಹುಳ ಸಾಕು. ಒಂದೆರಡು ದಿನ ಉಪವಾಸ ಬಿದ್ದರೂ ಪರವಾಗಿಲ್ಲ, ನೀರು ತಪ್ಪಿದರೆ ಕಣ್ಣು ಗುಳಿಬೀಳುತ್ತದೆ.

ಮೊದಲು ವಿಚಾರಿಸಿದ್ದು ಸರೀಸೃಪಗಳನ್ನು ನೋಡುವ ಪಶುವೈದ್ಯರ ಕ್ಲಿನಿಕ್ಕಿನಲ್ಲಿ. ದಿನಕ್ಕೆ 25 ಡಾಲರ್, ತಿಂಗಳಿಗೆ 750. ನಾಲ್ಕಡಿ ಎತ್ತರದ ಜಾಲರಿ ಗೂಡನ್ನು ದೀಪ, ಗಿಡಗಳ ಸಮೇತ ಸಾಗಿಸುವ ತಲೆನೋವು ಬೇರೆ. ಮೇಲಾಗಿ ಜಾಗ ಬದಲಾದರೆ ಈ ಪ್ರಾಣಿ ಮೈ ಕಪ್ಪಿಡಿಸಿಕೊಂಡು ಊಟ ಬಿಟ್ಟು ಕೂರುವುದುಂಟು. ಬೇಡವೆಂದೆವು.

ಇನ್ನೊಂದು ದಾರಿ ಬಿಟ್ಟಿಯದು. ಕನ್ನಡ ಸಂಘದ ಯುಗಾದಿ ಊಟದಲ್ಲಿ ವಿಷಯ ತೆಗೆದರೆ ಸಾಕು, "ಅಯ್ಯೋ, ನಾವಿಲ್ವಾ, ನೋಡ್ಕೋತೀವಿ ಬಿಡಿ" ಅನ್ನುವವರು ಸಿಕ್ಕೇ ಸಿಗುತ್ತಾರೆ. ದೊಡ್ಡ ಮನಸ್ಸಿನವರೇ, ಅನುಮಾನವಿಲ್ಲ. ಆದರೆ ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ದುಬಾರಿ ಇದೇ. ವಾಪಸು ಬಂದ ಮೇಲೆ ಅವರ ಮನೆಗೆ ಬರಿಗೈಯಲ್ಲಿ ಹೋಗುವಂತಿಲ್ಲ; ಒಂದು ಮೈಸೂರು ಸಿಲ್ಕ್ ಸೀರೆ ತಂದರೆ ಕೂಲಿಯ ದುಡ್ಡು ಅಲ್ಲಿಗೇ ಸರಿಹೋಯಿತು. ಡಿಸೆಂಬರಿನಲ್ಲಿ ಅವರು ಊರಿಗೆ ಹೊರಟಾಗ ಅವರ ಲ್ಯಾಬ್ರಡಾರ್ ನಮ್ಮ ಸೋಫಾದ ಮೇಲಿರುತ್ತದೆ. ಇದನ್ನೆಲ್ಲ ಸ್ನೇಹದ ಖಾತೆಗೆ ಬರೆದುಕೊಳ್ಳೋಣ. ಆದರೆ ಬಿಟ್ಟಿ ಕೆಲಸಕ್ಕೆ ಷರತ್ತು ಹಾಕುವುದು ಹೇಗೆ? ದಿನ ಬಿಟ್ಟು ದಿನ ಹಿಕ್ಕೆಯ ಫೋಟೊ ಕಳಿಸಿ ಎಂದು ಗೌರವದ ಗೆಳತಿಯೊಬ್ಬರಿಗೆ ಹೇಳಲು ನನಗಂತೂ ನಾಲಿಗೆ ಏಳುವುದಿಲ್ಲ. ಹಿಕ್ಕೆ ಎಂದರೆ ತಮಾಷೆಯಲ್ಲ, ಗೋಸುಂಬೆಯ ಪಾಸ್‌ಬುಕ್ಕೇ ಅದು. ಕಂದು ಭಾಗದ ಜೊತೆ ಬರುವ ಯೂರೇಟ್ ಬೆಳ್ಳಗಿದ್ದರೆ ಹೊಟ್ಟೆಗೆ ನೀರು ಸಾಕಷ್ಟು ಹೋಗಿದೆ. ಕಿತ್ತಳೆಗೆ ತಿರುಗಿದರೆ ಇಲ್ಲ. ಇನ್ನು ಹುಳಗಳ ಮಾತು. ಮನೆಯೊಳಕ್ಕೆ ಮೊಟ್ಟೆಯನ್ನೂ ತರದವರ ಕೈಗೆ ಡೂಬಿಯಾ ಜಿರಳೆಗಳ ಡಬ್ಬಿ ಇಟ್ಟು ವಿಮಾನ ಹತ್ತುವುದು ಶುದ್ಧ ಅಧಿಕಪ್ರಸಂಗ.

ಕೊನೆಗೆ ಗೊತ್ತು ಮಾಡಿಕೊಂಡದ್ದು ಜೀವಶಾಸ್ತ್ರ ಓದುವ ಒಬ್ಬ ಕಾಲೇಜು ಹುಡುಗನನ್ನು. ತಾನೇ ಹಲ್ಲಿ ಜಾತಿಯ ಪ್ರಾಣಿಗಳನ್ನು ಸಾಕಿದವನು. ಒಂದು ಭೇಟಿಗೆ 20 ಡಾಲರ್. ಕೈಯಿಂದಲೇ ನೀರು ಚಿಮುಕಿಸುವುದಾದರೆ ದಿನಕ್ಕೆ ಎರಡು ಸಲ ಬರಬೇಕು, ತಿಂಗಳಿಗೆ 1,200 ಡಾಲರ್. ಟೈಮರ್ ಇರುವ ತುಂತುರು ಪಂಪಿಗೆ 160 ಡಾಲರ್ ಹಾಕಿದರೆ ಆತ ಹುಳ ಕೊಡುವ ದಿನ ಬಂದರಾಯಿತು: 15 ಭೇಟಿ, 300 ಡಾಲರ್. ಪಂಪಿನ ದುಡ್ಡು ಮೊದಲ ವಾರದಲ್ಲೇ ಹುಟ್ಟಿತು, ಪಂಪು ವರ್ಷವಿಡೀ ನಮಗೂ ದುಡಿಯುತ್ತದೆ. ಯಂತ್ರ ಮಾಡಬಹುದಾದ ಕೆಲಸಕ್ಕೆ ಮನುಷ್ಯನ ಕೂಲಿ ಕೊಡಬಾರದು, ಕಣ್ಣಿನ ಕೆಲಸಕ್ಕೆ ಚೌಕಾಸಿ ಮಾಡಬಾರದು ಎಂಬುದು ನನ್ನ ಅಭಿಪ್ರಾಯ. ಅವನು 18 ಕೇಳಿದ್ದ, ನಾವೇ 20 ಎಂದೆವು. ಬದಲಿಗೆ ಪ್ರತಿ ಭೇಟಿಗೂ ಕಣ್ಣಿನದೊಂದು, ಹಿಕ್ಕೆಯದೊಂದು ಫೋಟೊ. ಅರ್ಧ ದುಡ್ಡು ಮೊದಲೇ, ಅರ್ಧ ನಾವು ಬಂದ ಮೇಲೆ.

ಪಂಪು ಮಾರುವವರು ಹೇಳದ ಒಂದು ವಿಷಯವಿದೆ. ಚಿಮ್ಮಿದ ನೀರು ಎಲ್ಲಾದರೂ ಹೋಗಬೇಕಲ್ಲ? ನಮ್ಮ ಗೂಡಿನ ತಟ್ಟೆಯಿಂದ ಒಂದು ಕೊಳವೆ ಇಳಿದು ಐದು ಗ್ಯಾಲನ್ ಬಕೆಟ್ಟಿಗೆ ಸೇರುತ್ತದೆ. ವಾರ ಕಳೆದರೆ ಅದರಲ್ಲಿ ಕ್ಯಾಲ್ಸಿಯಂ ಪುಡಿಯ ತೆಳ್ಳನೆ ಕೆನೆ, ಮನಿಪ್ಲಾಂಟಿನ ಒಂದು ಹಳದಿ ಎಲೆ, ಕಾಲು ಮೇಲೆ ಮಾಡಿ ತೇಲುವ ಮಿಡತೆ. ಅದು ತುಂಬಿ ಹೊರಚೆಲ್ಲಿದರೆ ಮರದ ನೆಲ ಉಬ್ಬುತ್ತದೆ. ಆ ರಿಪೇರಿಯ ಮುಂದೆ ಮಿಕ್ಕ ಖರ್ಚೆಲ್ಲ ಚಿಲ್ಲರೆ. ಹೊರಡುವ ಮುನ್ನ ಒಂದು ವಾರ ಪಂಪು ಓಡಿಸಿ ಬಕೆಟ್ ಎಷ್ಟು ದಿನಕ್ಕೆ ತುಂಬುತ್ತದೆ ಎಂದು ನೋಡಿಕೊಳ್ಳಿ, ನೀರು ತಾಕಿದರೆ ಕಿರುಚುವ ಪುಟ್ಟ ಅಲಾರಂ ಒಂದನ್ನು ಪಕ್ಕದಲ್ಲಿಡಿ. ಪಂಪಿನ ಟ್ಯಾಂಕಿಗೆ ಡಿಸ್ಟಿಲ್ಡ್ ನೀರೇ ಆಗಬೇಕು, ಗಡಸು ನೀರಿನ ಸುಣ್ಣ ನಳಿಕೆಯ ಬಾಯಿ ಕಟ್ಟಿಬಿಡುತ್ತದೆ.

ಕರೆಂಟ್ ಬಿಲ್ಲನ್ನೂ ಮರೆಯುವಂತಿಲ್ಲ. 2023ರ ಬೇಸಿಗೆಯಲ್ಲಿ ಆಸ್ಟಿನ್‌ನ ತಾಪಮಾನ ಸತತ 45 ದಿನ 100 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿತ್ತು. ಮನೆ ಖಾಲಿ ಬಿಟ್ಟು ಹೋಗುವವರು ಎಸಿಯನ್ನು 85ಕ್ಕೆ ಏರಿಸಿ ಹೋಗುತ್ತಾರೆ; ನಾವು 78ರಲ್ಲೇ ಬಿಡಬೇಕು. ನಮ್ಮ ಬಿಲ್ಲಿನಲ್ಲಿ ಅದರ ವ್ಯತ್ಯಾಸ ಸುಮಾರು 70 ಡಾಲರ್.

ಹುಳಗಳ ವಿಷಯದಲ್ಲಿ ನನಗೊಂದು ಹಳೆಯ ಸಂಕಟ. ಗೋಸುಂಬೆಗೆ ಒಳ್ಳೆಯ ಆಹಾರವೆಂದು ಇಲ್ಲಿ ರೇಷ್ಮೆ ಹುಳ ಮಾರುತ್ತಾರೆ, ಡಬ್ಬಿಗೆ ಹದಿನೈದು ಡಾಲರ್. ನನ್ನಮ್ಮನ ತವರು ರಾಮನಗರದ ಕಡೆ. ಹಿಪ್ಪುನೇರಳೆ ಸೊಪ್ಪು ಹೆಚ್ಚಿ ತಟ್ಟೆ ತಟ್ಟೆಗೆ ಉದುರಿಸುತ್ತಿದ್ದ, ಹುಳ ಪೊರೆ ಬಿಡುವ ಜ್ವರಕ್ಕೆ ಕೂತಿವೆ ಎಂದು ಮಕ್ಕಳನ್ನು ಆ ಕೋಣೆಯಿಂದ ಗದರಿಸಿ ಓಡಿಸುತ್ತಿದ್ದ ಅಜ್ಜಿಗೆ, ಮೊಮ್ಮಗಳು ಅದೇ ಹುಳವನ್ನು ಡಾಲರ್ ಕೊಟ್ಟು ತಂದು ಓತಿಯ ಜಾತಿಗೆ ತಿನ್ನಿಸುತ್ತಾಳೆಂದು ಹೇಳಿದ್ದರೆ ಏನನ್ನುತ್ತಿದ್ದಳೋ. ರಜೆಯಲ್ಲಿ ಮಾತ್ರ ರೇಷ್ಮೆ ಹುಳ ಬೇಡವೇ ಬೇಡ. ಅವುಗಳ ಮೇವಿಗೆ ಬೂಷ್ಟು ಹತ್ತಿದರೆ ಇಡೀ ಡಬ್ಬಿ ಎರಡೇ ದಿನದಲ್ಲಿ ಕೊಳೆಯುತ್ತದೆ. ಡೂಬಿಯಾ ಜಿರಳೆ ಕ್ಯಾರೆಟ್ ಚೂರಿನ ಮೇಲೆ ವಾರಗಟ್ಟಲೆ ಬದುಕುತ್ತದೆ, ನುಣುಪು ಡಬ್ಬಿಯ ಗೋಡೆ ಹತ್ತಲಾರದು, ಮಿಡತೆಯಂತೆ ರಾತ್ರಿಯಿಡೀ ಕಿರ್ರೆನ್ನುವುದೂ ಇಲ್ಲ. ಫ್ಲಾರಿಡಾದವರಿಗೆ ಈ ಅನುಕೂಲವಿಲ್ಲ, ಅಲ್ಲಿ ಡೂಬಿಯಾ ಸಾಕುವಂತಿಲ್ಲ.

ಇನ್ನು ಕಾಯಿಲೆ. ಇಲ್ಲಿನ ಸಾಕುಪ್ರಾಣಿ ವಿಮೆಗಳಲ್ಲಿ ಹೆಚ್ಚಿನವು ನಾಯಿ ಬೆಕ್ಕಿಗಷ್ಟೇ. 80 ಡಾಲರಿನ ಪ್ರಾಣಿಗೆ ಎಷ್ಟು ಖರ್ಚು ಮಾಡುತ್ತೀರಿ ಎಂಬ ಕಟುವಾದ ಪ್ರಶ್ನೆಯನ್ನು ಹೊರಡುವ ಮೊದಲೇ, ಮಗನನ್ನೂ ಕೂರಿಸಿಕೊಂಡು, ಇತ್ಯರ್ಥ ಮಾಡಿಕೊಂಡೆವು. ಕ್ಲಿನಿಕ್ಕಿನಲ್ಲಿ ನಮ್ಮ ಕಾರ್ಡ್ ನಂಬರ್ ಇದೆ, 400 ಡಾಲರ್‌ವರೆಗೆ ನಮ್ಮನ್ನು ಕೇಳಬೇಕಾಗಿಲ್ಲ. ಆಸ್ಟಿನ್‌ನಲ್ಲಿ ಮಧ್ಯಾಹ್ನ ಎರಡಾದಾಗ ಬೆಂಗಳೂರಲ್ಲಿ ನಡುರಾತ್ರಿ ಹನ್ನೆರಡೂವರೆ. ಆ ಹೊತ್ತಿನಲ್ಲಿ ನಿದ್ದೆಗಣ್ಣಲ್ಲಿ ಯಾರೂ ಹಣಕಾಸಿನ ತೀರ್ಮಾನ ಮಾಡಬಾರದು. ನಮ್ಮದು ಗಂಡಾದ್ದರಿಂದ ಈ ಮಿತಿ. ಹೆಣ್ಣು ಜೊತೆಗಾರನಿಲ್ಲದೆಯೂ ಮೊಟ್ಟೆ ಇಡುತ್ತದೆ, ಮೊಟ್ಟೆ ಒಳಗೇ ಸಿಕ್ಕಿಕೊಂಡರೆ ಶಸ್ತ್ರಚಿಕಿತ್ಸೆಯೂ ಬೇಕಾದೀತು. ಅಂಗಡಿಯಲ್ಲಿ ಎರಡಕ್ಕೂ ಬೆಲೆ ಒಂದೇ ಇದ್ದರೆ ಮೋಸಹೋಗಬೇಡಿ.

ಊರಿಗೆ ಹೋದಾಗ ಈ ಲೆಕ್ಕ ಕೇಳಿದ ಸೋದರಮಾವ, "ಇಲ್ಲಿ ಬೇಲಿ ತುಂಬ ಇವೆ, ಒಂದು ಹಿಡಿದು ಸಾಕಿದ್ರೆ ಆಯ್ತಪ್ಪ" ಎಂದು ಮಗನಿಗೆ ಹೇಳಿದರು. ಬೇಲಿಯ ಗೋಸುಂಬೆಯನ್ನು ಹಿಡಿದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಕೇಸು ಬೀಳುತ್ತದೆ ಎಂದು ಮಗನೇ ಅವರಿಗೆ ಪಾಠ ಮಾಡಿದ.

ಈ ವರ್ಷ ಹುಡುಗನ ಓದು ಮುಗಿಯುತ್ತದೆ, ಹೂಸ್ಟನ್‌ನಲ್ಲಿ ಕೆಲಸ ಸಿಕ್ಕಿದೆಯಂತೆ. ತನ್ನ ಕಿರಿಯ ಸಹಪಾಠಿಯೊಬ್ಬಳನ್ನು ಪರಿಚಯಿಸಿದ್ದಾನೆ. ಎರಡು ಭೇಟಿಯ ಕೂಲಿ ಇಬ್ಬರಿಗೂ ಕೊಟ್ಟು, ಅವನ ಜೊತೆಯಲ್ಲೇ ಅವಳು ಕೆಲಸ ನೋಡಿ ಕಲಿಯುವಂತೆ ಮಾಡಿದೆವು. ಅವಳ ದರ 25. ಒಪ್ಪಿಕೊಂಡಿದ್ದೇವೆ, ಎಸಿಯನ್ನು 79 ಮಾಡಬಹುದೇ ಎಂದು ವೈದ್ಯರನ್ನು ಕೇಳಬೇಕು.